ಬಿಡಣ್ಣನ ಹತ್ತೊಂಬತ್ತು ಸೆಕೆಂಡು

ಅವನ ನಿಜವಾದ ಹೆಸರು ನಮ್ಮ ಹಾಲ್‌ನಲ್ಲಿ ಯಾರ ಬಾಯಲ್ಲೂ ಇರಲಿಲ್ಲ. ಕುಸ್ತಿ, ಬಾಕ್ಸಿಂಗ್, ಒದೆತ ಎಲ್ಲವನ್ನೂ ಕಲಸಿದ ಈ ಎಂಎಂಎ ಕಾಳಗಗಳಿಗೆ ಅವನು ರೆಫರಿ. ಒಬ್ಬರನ್ನೊಬ್ಬರು ಗಟ್ಟಿಯಾಗಿ ಹಿಡಿದುಕೊಂಡ ಇಬ್ಬರ ನಡುವೆ ತೋಳು ತೂರಿಸಿ "ಬಿಡು, ಬಿಡು" ಎಂದು ಬೇರೆ ಮಾಡುವುದು ಅವನ ಕೆಲಸ. ಹಾಗಾಗಿ ಬಿಡಣ್ಣ. ಸಿಟ್ಟು ಬಂದಾಗ ಅವನ ಹೆಂಡತಿಯೂ ಹಾಗೇ ಕರೆಯುತ್ತಿದ್ದಳು.

ವಾರದಲ್ಲಿ ಆರು ದಿನ ಲಿಫ್ಟ್ ರಿಪೇರಿ, ಭಾನುವಾರ ಮಧ್ಯಾಹ್ನ ಕಾಳಗ. ನಾನು ಆ ಹಾಲ್‌ನಲ್ಲಿ ನೆಲ ಒರೆಸುವವಳು. ಕಾಳಗದ ದಿನ, ಸುತ್ತಲೂ ಜಾಲರಿ ಕಟ್ಟಿದ ಕೇಜ್‌ನ ಬಾಗಿಲ ಪಕ್ಕದ ಸ್ಟೂಲ್ ನನ್ನದು. ಒಂದು ಸುತ್ತು ಮುಗಿದು ಗಂಟೆ ಹೊಡೆದರೆ, ಒಳಗೆ ರಕ್ತ ಬಿದ್ದಿದ್ದರೆ ಒರೆಸಿ, ಒಂದು ನಿಮಿಷದೊಳಗೆ ಹೊರಗೆ ಬಂದುಬಿಡಬೇಕು. ಹನ್ನೊಂದು ವರ್ಷ ಹೀಗೆ ಕೂತಿದ್ದೇನೆ. ಜನ ಕಾಳಗ ನೋಡುತ್ತಾರೆ. ನನಗೆ ಅಲ್ಲಿಂದ ಕಾಣುತ್ತಿದ್ದದ್ದು ಕಾಲುಗಳು ಮಾತ್ರ, ಉಳಿದದ್ದೆಲ್ಲ ಕಿವಿಗೆ ಬರುತ್ತಿತ್ತು.

ಬಿಡಣ್ಣ ಕುಳ್ಳ. ದೊಡ್ಡ ತೂಕದವರ ಕಾಳಗವಾದರೆ ಅವರ ಎದೆಯ ಮಟ್ಟಕ್ಕೂ ಬರುತ್ತಿರಲಿಲ್ಲ. ಆದರೂ ಕಾಳಗಕ್ಕೆ ಮೊದಲು ಬಟ್ಟೆ ಬದಲಿಸುವ ಕೋಣೆಗೆ ಹೋಗಿ, ಸೊಂಟದ ಮೇಲೆ ಕೈ ಇಟ್ಟು ನಿಂತು ಪಾಠ ಹೇಳುವಾಗ ಎಂಥ ಭೀಮನೂ ಬಾಯಿ ಮುಚ್ಚಿಕೊಂಡು ಕೇಳುತ್ತಿದ್ದ.

"ಸಾಕು ಅನ್ನಿಸಿದ್ರೆ ತಟ್ಟು. ಅವನ ಮೈಮೇಲಾದ್ರೂ ಸರಿ, ನೆಲಕ್ಕಾದ್ರೂ ಸರಿ. ಕೈ ಸಿಕ್ಕಿಹಾಕ್ಕೊಂಡಿದ್ರೆ ಬಾಯಲ್ಲಿ ಹೇಳು. ನೋವಿಗೆ ಕಿರುಚಿದ್ರೂ ಸೋತೆ ಅಂತಲೇ ಲೆಕ್ಕ."

"ಕೆಮ್ಮಿದ್ರೆ, ಅಣ್ಣ?"

"ಕೆಮ್ಮಿದ್ರೆ ಔಷಧಿ ಕುಡಿ. ಏಟು ತಿಂತಾ ಸುಮ್ನೆ ಬಿದ್ಕೊಂಡ್ರೆ ನಾನು 'ಏನಾದ್ರೂ ತೋರ್ಸು' ಅಂತೀನಿ. ಕೈಯೋ ಕಾಲೋ ಆಡಿಸ್ಬೇಕು. ಆಡಿಸ್ಲಿಲ್ಲ ಅಂದ್ರೆ ನಿಲ್ಲಿಸ್ತೀನಿ. ಆಮೇಲೆ ನನ್ನ ಮೇಲೆ ಕೂಗಾಡ್ಬೇಡ."

ಪಾಯಿಂಟ್ ಬರೆಯುವವರು ಮೂವರು ಹೊರಗೆ ಕುರ್ಚಿಯಲ್ಲಿ ಕೂತಿರುತ್ತಾರೆ. ಯಾವಾಗ ಸಾಕು ಎಂದು ಹೇಳುವವನು ಒಳಗಿರುವ ಒಬ್ಬನೇ. ಅವನು ಹೇಳುವ ತನಕ ಡಾಕ್ಟರೂ ಒಳಗೆ ಕಾಲಿಡುವಂತಿಲ್ಲ.

ಮನೆಗಳಿಗೆ ಬಣ್ಣ ಹೊಡೆಯುವ ಒಬ್ಬ ಹುಡುಗ ಕಾಳಗಕ್ಕೆ ಬರುತ್ತಿದ್ದ, ಎಲ್ಲರಿಗೂ ಅವನು ಪೇಂಟರ್. ಮೂರು ಕಾಳಗ ಗೆದ್ದಿದ್ದ. ನಾಲ್ಕನೆಯದರಲ್ಲಿ ಎದುರಾಳಿ ಅವನ ಬೆನ್ನ ಹಿಂದೆ ಸೇರಿಕೊಂಡು, ಗದ್ದದ ಕೆಳಗೆ ತೋಳು ತೂರಿಸಿ ಕತ್ತು ಬಿಗಿದ. ಇಬ್ಬರೂ ನೆಲಕ್ಕೆ ಉರುಳಿದರು, ನನ್ನ ಸ್ಟೂಲಿನ ಹತ್ತಿರವೇ. ಪೇಂಟರ್‌ನ ಮುಖ ಜಾಲರಿಗೆ ಒತ್ತಿಕೊಂಡು ನನ್ನ ಕಡೆ ತಿರುಗಿತ್ತು. ಬಿಡಣ್ಣ ಆ ಬದಿಯಲ್ಲಿ ಮಂಡಿಯೂರಿದ್ದ, ಅವನಿಗೆ ಮುಖ ಕಾಣುತ್ತಿರಲಿಲ್ಲ.

"ಹೇಗಿದ್ದೀಯ?" ಎಂದು ಕೇಳಿದ.

ಪೇಂಟರ್ ಬಲಗೈ ಎತ್ತಿ ಹೆಬ್ಬೆರಳು ತೋರಿಸಿದ. ಚೆನ್ನಾಗಿದ್ದೇನೆ, ನಿಲ್ಲಿಸಬೇಡ ಎಂದು. ಹಾಲ್ ಕುಣಿಯಿತು, ಸೀಟಿಗಳು ಬಿದ್ದವು. ಬಿಡಣ್ಣ ಆ ಹೆಬ್ಬೆರಳ ಮೇಲೆ ಕಣ್ಣಿಟ್ಟು ಕಾದ.

ಹೆಬ್ಬೆರಳು ಹಾಗೇ ನಿಂತಿತ್ತು. ಹುಡುಗ ಎಚ್ಚರ ತಪ್ಪಿ, ನಮ್ಮ ಹಾಲ್ ಮಾತಿನಲ್ಲಿ ಹೇಳುವುದಾದರೆ ನಿದ್ದೆಗೆ ಹೋದ ಮೇಲೂ ನಿಂತಿತ್ತು. ಹಾಗೂ ಆಗುತ್ತದಂತೆ, ಕೈ ಇದ್ದ ಹಾಗೆಯೇ ಮರಗಟ್ಟಿಬಿಡುತ್ತದಂತೆ. ಆಮೇಲೆ ಡಾಕ್ಟರ್ ಹೇಳಿದ್ದು. ಕೊನೆಗೆ ಬಿಡಣ್ಣನಿಗೇ ಏನೋ ಅನುಮಾನವಾಗಿ ಆ ಕೈಯನ್ನು ಎತ್ತಿ ನೋಡಿದ. ಅದು ಒದ್ದೆ ಚೀಲದ ಹಾಗೆ ಬಿತ್ತು. "ಬಿಡು" ಎಂದು ಮೇಲೆ ಬಿದ್ದು ಬಿಡಿಸಿದ.

ಪೇಂಟರ್ ಎದ್ದ. ಮೊದಲು ಕೇಳಿದ್ದು "ಯಾಕೆ ನಿಲ್ಸಿದ್ರಿ?" ಎಂದು. ಕತ್ತು ಬಿಗಿದು ನಿದ್ದೆಗೆ ಹೋದವರೆಲ್ಲ ಹಾಗೇ ಕೇಳುತ್ತಾರೆ. ಹೋದದ್ದು ಅವರಿಗೆ ಗೊತ್ತೇ ಇರುವುದಿಲ್ಲ.

ಎರಡು ತಿಂಗಳಾದ ಮೇಲೆ ಹಾಲ್‌ನ ಪಡಸಾಲೆಗೆ ಬಣ್ಣ ಹೊಡೆಯಲು ಅವನೇ ಬಂದ. ಏಣಿಯ ಮೇಲೆ ನಿಂತು, "ಅಜ್ಜಿ, ಆ ಡಬ್ಬ ಕೊಡಿ. ಅದು... ಅದೇ, ಆಕಾಶದ್ದು" ಎಂದ.

"ನೀಲಿನಾ?"

"ಹ್ಞಾ, ಅದೇ."

ಹಳದಿಗೂ ಹಾಗೇ ಹುಡುಕಿದ, ಹಸಿರಿಗೂ. ಬಣ್ಣ ಕಣ್ಣಿಗೆ ಕಾಣುತ್ತಿತ್ತು, ಅದರ ಹೆಸರು ನಾಲಿಗೆಗೆ ಬರುತ್ತಿರಲಿಲ್ಲ. ಅದೇ ಹೊತ್ತಿಗೆ ಬಂದ ಬಿಡಣ್ಣ ಮೆಟ್ಟಿಲ ಬಳಿ ನಿಂತು ಕೇಳಿಸಿಕೊಂಡ. ಪೇಂಟರ್ ಅವನನ್ನು ಕಂಡು ನಕ್ಕ. "ಅಣ್ಣ, ಯಾಕೆ ಮುಖ ಹಾಗಿಟ್ಕೊಂಡಿದ್ದೀರ? ನನಗೇನೂ ಆಗಿಲ್ಲ" ಎಂದು ಹೆಬ್ಬೆರಳು ಎತ್ತಿದ. ಬಿಡಣ್ಣ ಗೋಡೆಯ ಕಡೆ ತಿರುಗಿಬಿಟ್ಟ.

ಡಾಕ್ಟರ್ ಈ ಮರೆವು ಆ ಹಿಡಿತದಿಂದಲೇ ಎನ್ನಲೂ ಇಲ್ಲ, ಅಲ್ಲ ಎನ್ನಲೂ ಇಲ್ಲ. ಅಲ್ಲಿಂದ ಬಿಡಣ್ಣನಿಗೆ ಒಂದೇ ಪ್ರಶ್ನೆ ಹಿಡಿಯಿತು: ಹುಡುಗ ನಿದ್ದೆಗೆ ಹೋದ ಮೇಲೆ ನಾನು ಎಷ್ಟು ಹೊತ್ತು ಸುಮ್ಮನೆ ಕೂತಿದ್ದೆ? ಮೊಬೈಲಿನಲ್ಲಿ ಆ ಕಾಳಗದ ವಿಡಿಯೋ ಹಾಕಿಕೊಂಡು ಎಣಿಸುತ್ತಿದ್ದ. ಮುಖ ಕಾಣುವುದಿಲ್ಲ, ಜನರ ಕೂಗಿನಲ್ಲಿ ಬೇರೆ ಸದ್ದೂ ಇಲ್ಲ. ಒಂದು ದಿನ ನಾಲ್ಕು ಸೆಕೆಂಡು ಎನ್ನುವನು, ಇನ್ನೊಂದು ದಿನ ಎಂಟು. ಪಾಯಿಂಟ್ ಬರೆಯುವವರನ್ನು ಕೇಳಿದ, ಡಾಕ್ಟರನ್ನು ಕೇಳಿದ, ಕತ್ತು ಬಿಗಿದವನ ಮನೆಗೂ ಹೋಗಿ ಕೇಳಿ ಬಂದ.

ಬಿಡಣ್ಣನ ಹೆಂಡತಿ ಟೈಲರ್. ಕಾಳಗದವರ ಚಡ್ಡಿ ಹೊಲಿದು ಮಂಗಳವಾರ ತಂದುಕೊಡುತ್ತಿದ್ದಳು. ಒಂದು ಮಂಗಳವಾರ ನನ್ನ ಪಕ್ಕ ಕುಕ್ಕರಿಸಿ ಕೂತಳು.

"ಅಜ್ಜಿ, ನಿಮ್ಮ ಬಿಡಣ್ಣನಿಗೆ ಒಂದು ಮಾತು ಹೇಳಿ. ಬೆಳಗಾಗೋದ್ರೊಳಗೆ ನಾಲ್ಕು ಸಲ ನನ್ನ ಕೈ ಎತ್ತಿ ಬಿಡ್ತಾರೆ."

"ಯಾಕಂತೆ?"

"ಇದ್ದೀನೋ ಹೋದ್ನೋ ಅಂತ. ಎಚ್ಚರ ಇದ್ದೀನಿ ಕಣ್ರೀ, ಕೈ ಬಿಡಿ ಅಂದ್ರೂ ನಂಬಲ್ಲ. ಮಗಳು ಚೆನ್ನಾಗಿದ್ದೀನಿ ಅಂದ್ರೂ ನಂಬಲ್ಲ. ಸ್ಕೂಲಿಂದ ಬಂದ ಮಗೂಗೆ ನಿನ್ನ ಹೆಸರೇನು, ಇವತ್ತು ಯಾವ ವಾರ ಅಂತ ಕೇಳ್ತಾರೆ. ಅವಳು 'ಅಮ್ಮ, ಅಪ್ಪಂಗೆ ವಾರಾನೇ ಮರೆತುಹೋಗಿದೆ' ಅಂತಾಳೆ."

ನಗುತ್ತಲೇ ಶುರು ಮಾಡಿದಳು, ಮುಗಿಸುವಾಗ ಸೆರಗು ಮೂಗಿಗೆ ಹೋಗಿತ್ತು.

ಬಿಡಣ್ಣ ನನ್ನೊಬ್ಬಳನ್ನು ಮಾತ್ರ ಕೇಳಿರಲಿಲ್ಲ. ನೆಲ ಒರೆಸುವವಳಿಗೆ ಏನು ಗೊತ್ತಿರುತ್ತದೆ ಎಂದುಕೊಂಡಿರಬೇಕು, ಅಥವಾ ನಾನು ಅಲ್ಲಿದ್ದದ್ದೇ ಅವನ ನೆನಪಿನಲ್ಲಿ ಇರಲಿಲ್ಲವೇನೋ. ಆದರೆ ನನಗೆ ಗೊತ್ತಿತ್ತು. ಕತ್ತು ಬಿಗಿದು ನಿದ್ದೆಗೆ ಹೋದವರು ಗೊರಕೆ ಹೊಡೆಯುತ್ತಾರೆ. ಹಾಸಿಗೆಯಲ್ಲಿ ಮಲಗಿದವರ ಗೊರಕೆಯಲ್ಲ. ನೀರು ಹೋಗುವ ಕೊಳವೆಯಲ್ಲಿ ಚಿಂದಿ ಸಿಕ್ಕಿಕೊಂಡರೆ ಬರುವ ಸದ್ದು. ಅಷ್ಟು ವರ್ಷದಲ್ಲಿ ಹತ್ತಾರು ಸಲ ಕೇಳಿದ್ದೆ. ಆ ದಿನ ಪೇಂಟರ್‌ನ ಬಾಯಿ ನನ್ನ ಮಂಡಿಯಿಂದ ಒಂದು ಮೊಳ ದೂರದಲ್ಲಿತ್ತು. ಜನರ ಗದ್ದಲದ ಕೆಳಗೆ ಆ ಸದ್ದು ಶುರುವಾದದ್ದು ನನಗೆ ಕೇಳಿಸಿತು. ನಾನು ಬಟ್ಟೆ ಹಿಂಡುತ್ತಾ ಕೂತಿದ್ದೆ. ನಿಲ್ಲಿಸುವವನು ಅಲ್ಲೇ ಇದ್ದಾನಲ್ಲ ಎಂದು ಹಿಂಡುತ್ತಲೇ ಇದ್ದೆ.

ಟೈಲರ್ ಬಂದು ಹೋದ ಮಾರನೆ ಸಂಜೆ, ಬಿಡಣ್ಣ ಲಿಫ್ಟ್ ಕೆಲಸ ಮುಗಿಸಿ ಬಂದಾಗ ಅವನಿಗೆ ಗೊರಕೆಯ ವಿಷಯ ಹೇಳಿದೆ. ಹಾಲ್ ಖಾಲಿ ಇತ್ತು. ಅವನು ಕೇಜ್‌ನ ಬಾಗಿಲ ಚಿಲಕಕ್ಕೆ ಎಣ್ಣೆ ಹಾಕುತ್ತಿದ್ದ. ಎಣ್ಣೆಯ ಕ್ಯಾನ್ ಕೆಳಗಿಟ್ಟ.

"ಯಾವಾಗ ಶುರುವಾಯ್ತು, ಅಜ್ಜಿ?"

"ಹೊತ್ತು ಹೇಗಪ್ಪ ಹೇಳೋದು. ಮೊದಲನೇ ಬಟ್ಟೆ ಬಕೆಟಿಗೆ ಅದ್ದಿದ್ದೆ, ಆಗ ಶುರುವಾಯ್ತು. ಅದನ್ನ ಹಿಂಡಿ ಮಡಚಿಟ್ಟೆ. ಎರಡನೇದು ಅದ್ದಿ ಹಿಂಡಿದೆ, ಮಡಚೋಕೆ ಹೋಗ್ತಿದ್ದೆ, ನೀನು ಬಿಡು ಅಂದೆ."

ಅವನು ಬಕೆಟ್‌ಗೆ ನೀರು ತುಂಬಿ ತಂದು ನನ್ನ ಸ್ಟೂಲಿನ ಮುಂದೆ ಇಟ್ಟ. ಮೊಬೈಲ್ ತೆಗೆದು ಸೆಕೆಂಡು ಓಡುವ ಗಡಿಯಾರ ಹಾಕಿಕೊಂಡ.

"ಅವತ್ತು ಮಾಡಿದ ಹಾಗೇ ಮಾಡಿ. ಬೇಗ ಮಾಡ್ಬೇಡಿ, ನನಗೋಸ್ಕರ ಅಂತ ಏನೂ ಕಡಿಮೆ ಮಾಡ್ಬೇಡಿ."

ಅದ್ದಿದೆ. ಹಿಂಡಿದೆ. ಮಡಚಿದೆ. ಕೈಗೆ ಕೆಲಸ ಗೊತ್ತು, ಅದಕ್ಕೆ ಕರುಣೆ ಗೊತ್ತಿಲ್ಲ. ಎರಡನೆಯ ಬಟ್ಟೆ ಹಿಂಡಿ ಮಡಿಕೆಗೆ ಬಂದಾಗ "ಇಲ್ಲಿ" ಎಂದೆ. ಮತ್ತೊಮ್ಮೆ ಮಾಡಿಸಿದ. ಮೂರು ಸಲ ಮಾಡಿಸಿದ. ಒಂದು ಸಲ ಹದಿನೆಂಟು, ಎರಡು ಸಲ ಹತ್ತೊಂಬತ್ತು.

ಕೇಜ್‌ನ ಮೆಟ್ಟಿಲ ಮೇಲೆ ಕೂತ. "ಹತ್ತೊಂಬತ್ತು" ಎಂದ. ಮೊಬೈಲ್ ಜೇಬಿಗೆ ಹಾಕಿಕೊಂಡು, "ಅವತ್ತೇ ಯಾಕೆ ಕೂಗ್ಲಿಲ್ಲ?" ಎಂದ.

"ನೆಲ ಒರೆಸೋಳ ಮಾತು ಯಾರು ಕೇಳ್ತಾರಪ್ಪ?"

"ನಾನು ಕೇಳ್ತಿದ್ದೆ" ಎಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು. "ಇನ್ನು ಮುಂದೆ ಕೇಳಿಸಿದ್ರೆ ಹೇಳಿ. ಯಾರಿದ್ರೂ ಸರಿ, ಕೂಗಿ."

ಆ ಸಂಖ್ಯೆ ಸಿಕ್ಕ ಮೇಲೆ ಅವನು ಸುಧಾರಿಸಿದ. ದೊಡ್ಡ ಸಂಖ್ಯೆಯೇ, ಆದರೆ ಅದಕ್ಕೊಂದು ಕೊನೆ ಇತ್ತು. ವಿಡಿಯೋ ನೋಡುವುದು ಬಿಟ್ಟ. ಟೈಲರ್ ಬಂದು, "ಅದೇನು ಮಂತ್ರ ಹಾಕಿದ್ರಿ? ಹದಿನೈದು ದಿನದಿಂದ ನನ್ನ ಕೈ ನನ್ನ ಹತ್ರಾನೇ ಇದೆ" ಎಂದಳು.

ಅವನನ್ನು ಬಿಟ್ಟದ್ದು ನನ್ನನ್ನು ಹಿಡಿಯಿತು. ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ ಮಲಗಿದವರ ಪಕ್ಕ ಕೂರಲಾರೆ. ಬಕೆಟ್ ಬಗ್ಗಿಸಿದಾಗ ಕೊನೆಯ ನೀರು ಮೋರಿಗೆ ಇಳಿಯುವ ಸದ್ದಿಗೆ ತಿರುಗಿ ನೋಡುತ್ತೇನೆ. ಕಾಳಗ ನಡೆಯುವಾಗ ಉಸಿರು ಬಿಗಿಹಿಡಿದು ಕೇಳುತ್ತಾ ಕೂರುತ್ತಿದ್ದೆ. ಹಾಗೆ ಕಾದು ಕೂತವರಿಗೆ ಏನು ಬೇಕಾದರೂ ಕೇಳಿಸುತ್ತದೆ ಎಂದು ಆಗ ಹೊಳೆಯಲಿಲ್ಲ.

ಪೇಂಟರ್‌ನ ಆ ಕಾಳಗವಾಗಿ ವರ್ಷವಾಗುವ ಹೊತ್ತಿಗೆ, ಬೇಕರಿಯಲ್ಲಿ ಕೆಲಸ ಮಾಡುವ ಒಬ್ಬನಿಗೂ ಒಬ್ಬ ಎತ್ತರದವನಿಗೂ ಕಾಳಗ. ಎರಡನೆಯ ಸುತ್ತಿನಲ್ಲಿ ಎತ್ತರದವನು ಬೇಕರಿಯವನ ಬೆನ್ನು ಹತ್ತಿ ಕತ್ತು ಬಿಗಿದ. ಅದೇ ಹಿಡಿತ, ಹೆಚ್ಚುಕಡಿಮೆ ಅದೇ ಜಾಗ. ಬಿಡಣ್ಣ "ಹೇಗಿದ್ದೀಯ?" ಎಂದ. ಬೇಕರಿಯವನು ಕೈ ಆಡಿಸಿದ. ಜನ ಎದ್ದು ನಿಂತು ಅರಚಿದರು.

ಆ ಅರಚಾಟದ ಕೆಳಗೆ ನನಗೆ ಆ ಸದ್ದು ಕೇಳಿಸಿತು. "ನಿದ್ದೆ ಹೋಗಿದ್ದಾನೆ, ಬಿಡಿಸಪ್ಪ" ಎಂದು ಗಂಟಲು ಹರಿಯುವಂತೆ ಕೂಗಿದೆ.

ಅವನು ತಿರುಗಿ ಕೂಡ ನೋಡಲಿಲ್ಲ. ಕೂಗು ಮುಗಿಯುವುದರೊಳಗೆ ಮೇಲೆ ಬಿದ್ದು ಬಿಡಿಸಿದ್ದ.

ಬೇಕರಿಯವನು ಚಿಮ್ಮಿ ಎದ್ದ. "ಯಾಕೆ ನಿಲ್ಸಿದ್ರಿ? ನಾನು ಚೆನ್ನಾಗೇ ಇದ್ದೆ. ಬಿಡಿಸ್ಕೊಳ್ತಾ ಇದ್ದೆ" ಎಂದ. ನಿದ್ದೆಗೆ ಹೋದವರೂ ಇದನ್ನೇ ಹೇಳುತ್ತಾರೆ. ಎಚ್ಚರ ಇದ್ದವನೂ ಇನ್ನೇನು ಹೇಳಿಯಾನು? ಕತ್ತು ಬಿಗಿದವನನ್ನು ಕೇಳಿದರೆ, "ಮೈ ಸಡಿಲಾದ ಹಾಗಿತ್ತು" ಎಂದ. ಗೆದ್ದವನ ಮಾತಿಗೆ ಬೆಲೆ ಯಾರು ಕೊಡುತ್ತಾರೆ. ಜನ ನೀರಿನ ಬಾಟಲಿ ಎಸೆದರು.

ಸಂಜೆ ಆಫೀಸ್ ಕೋಣೆಯಲ್ಲಿ ರೆಫರಿಗಳ ಮುಖ್ಯಸ್ಥರು ಅವನನ್ನು ಕೂರಿಸಿಕೊಂಡು ವಿಡಿಯೋ ಹಾಕಿದರು. ಬಾಗಿಲು ತೆರೆದಿತ್ತು. ನಾನು ಹೊರಗೆ ಜನ ಎಸೆದ ಬಾಟಲಿಗಳನ್ನು ಗುಡಿಸುತ್ತಿದ್ದೆ.

"ಏನು ನೋಡಿ ನಿಲ್ಲಿಸಿದ್ರಿ?"

"ಕೈ ಬಿದ್ದುಹೋಗಿತ್ತು, ಸಾರ್."

"ಇಲ್ಲಿ ನೋಡಿ. ಕೈ ಎಲ್ಲಿ ಬಿದ್ದಿದೆ? ಬೆರಳು ಆಡ್ತಾ ಇರೋ ಹಾಗಿದೆ."

"ನನಗೆ ಬಿದ್ದ ಹಾಗೆ ಕಾಣಿಸ್ತು."

"ಯಾರೋ ಹೊರಗಿಂದ ಕೂಗಿದ್ರಂತಲ್ಲ?"

"ಇಡೀ ಹಾಲೇ ಕೂಗ್ತಿತ್ತು, ಸಾರ್. ಯಾರದು ಅಂತ ಹೇಳ್ಲಿ?"

ನನ್ನ ಪೊರಕೆ ನಿಂತುಹೋಯಿತು. ಒಳಗೆ ಹೋಗಿ ಕೂಗಿದ್ದು ನಾನು ಎಂದರೆ ಅವನಿಗೆ ಇನ್ನೂ ಕೆಟ್ಟದ್ದು. ಹೊರಗಿನವರ ಮಾತಿಗೆ ಕಾಳಗ ನಿಲ್ಲಿಸಿದವನು ಮತ್ತೆಂದೂ ರೆಫರಿಯಾಗಲಾರ. ಸುಮ್ಮನೆ ನಿಂತೆ. ಸುಮ್ಮನಿರುವುದು ನನಗೆ ಹೊಸದಲ್ಲ.

ಆರು ತಿಂಗಳು ಬರಬೇಡಿ, ಆಮೇಲೆ ನೋಡೋಣ ಎಂದರು.

ಹಿತ್ತಲ ನಲ್ಲಿಯ ಬಳಿ ನಾನು ಬಟ್ಟೆ ತೊಳೆಯುತ್ತಿರುವಾಗ ಬಂದ. ರೆಫರಿಯ ಕಪ್ಪು ಅಂಗಿ ಮಡಚಿ ಕಂಕುಳಲ್ಲಿಟ್ಟುಕೊಂಡಿದ್ದ. ನಲ್ಲಿ ನಿಲ್ಲಿಸಿದ.

"ಅಜ್ಜಿ, ಕೇಳಿಸ್ತಲ್ವಾ?"

ಕೇಳಿಸಿತ್ತು. ಆದರೆ ಯಾರ ಗೊರಕೆ? ಅದು ಬೇಕರಿಯವನ ಬಾಯಿಂದ ಬಂದದ್ದೋ, ಒಂದು ವರ್ಷದಿಂದ ನನ್ನ ಕಿವಿಯಲ್ಲೇ ಮನೆ ಮಾಡಿಕೊಂಡ ಪೇಂಟರ್‌ನದೋ? ಆಗಲೂ ಗೊತ್ತಿರಲಿಲ್ಲ, ಈಗಲೂ ಗೊತ್ತಿಲ್ಲ. ಅವನು ನನ್ನ ಮುಖವನ್ನು, ಆ ದಿನ ಹೆಬ್ಬೆರಳನ್ನು ನೋಡಿದ ಹಾಗೆಯೇ ನೋಡುತ್ತಿದ್ದ.

"ಕೇಳಿಸ್ತಪ್ಪ" ಎಂದೆ.

"ನಾನು ಬಿಡಿಸೋ ಹೊತ್ತಿಗೆ ಎಷ್ಟಾಗಿತ್ತು?"

ಕೈಯಲ್ಲಿ ಒದ್ದೆ ಬಟ್ಟೆ ಇತ್ತು. ಅದನ್ನು ಹಿಂಡಲಿಲ್ಲ.

"ಎರಡು ಸೆಕೆಂಡು. ಹೆಚ್ಚಿಲ್ಲ."

"ಎರಡಾದ್ರೆ ಏನೂ ಆಗಲ್ಲ" ಎಂದ. ಮತ್ತೊಮ್ಮೆ "ಎರಡು" ಎಂದು ತನ್ನಷ್ಟಕ್ಕೆ ಹೇಳಿಕೊಂಡು, ಅಂಗಿಯನ್ನು ಸರಿಯಾಗಿ ಹಿಡಿದುಕೊಂಡು ಗೇಟಿನ ಕಡೆ ನಡೆದ. ಅವನ ಹೆಜ್ಜೆ ಹಗುರವಾಗಿತ್ತು. ಅದು ದೂರವಾಗಿ ಕೇಳಿಸದಾಗುವ ತನಕ ನಾನು ಮತ್ತೆ ನಲ್ಲಿಯ ನೀರು ಬಿಡಲಿಲ್ಲ.