ಕಮಾನಿನ ಮೂರನೆಯ ಗಾಜು

ಮೊನ್ನೆ ನ್ಯಾಮತಿಯಲ್ಲಿ ಹಳೆಯ ಮನೆಯೊಂದರ ಗೋಡೆಗೆ ಸುಣ್ಣ, ಬೆಲ್ಲದ ನೀರು ಹಾಕಿ ಗಾರೆ ಕಲಸುತ್ತಿದ್ದರು. ಆ ಹುಳಿಸಿಹಿ ವಾಸನೆ ಮೂಗಿಗೆ ಬಡಿಯುತ್ತಲೇ ಬಿಳಿಚೋಡಿನ ಮೇಸ್ತ್ರಿ ನೆನಪಾದರು.

ಹೊನ್ನಾಳಿ ಕಡೆಯ ನಮ್ಮ ಊರಿನ ಚರ್ಚು ತೀರ ಚಿಕ್ಕದು. ಹತ್ತು ಬೆಂಚು, ಮೊನಚಾದ ಇಟ್ಟಿಗೆಯ ಕಮಾನು, ಇಳಿಜಾರು ಹೆಂಚಿನ ಮಾಡು. ಹೊಳೆಯ ಕೆಲಸಕ್ಕೆ ಬಂದಿದ್ದ ಇಂಗ್ಲಿಷ್ ಇಂಜಿನಿಯರೊಬ್ಬ ತನ್ನೂರಿನ ಚರ್ಚನ್ನು ನೆನೆದು ಕಟ್ಟಿಸಿದ್ದಂತೆ. ಪಕ್ಕದಲ್ಲಿ ಚರಂಡಿ ಅಗೆದ ಮೇಲೆ ಆ ಕಮಾನು ಬಿರುಕು ಬಿಟ್ಟಿತು. ಹಳೆಯ ಗಾರೆ ಕೆಲಸ ಬಲ್ಲ ಮೇಸ್ತ್ರಿಯನ್ನು ಬಿಳಿಚೋಡಿನಿಂದ ಕರೆಸಿದರು. ಅವರು ಬಿರುಕಿಗೆ ಅಡ್ಡವಾಗಿ, ಕೆಳಗಿನಿಂದ ಮೇಲಕ್ಕೆ, ಮೂರು ತೆಳು ಗಾಜಿನ ಪಟ್ಟಿ ಅಂಟಿಸಿ, ಊರಿಗೆ ಹೋಗುವ ಮುಂಚೆ ಚರ್ಚಿನ ಪಕ್ಕದ ಮನೆಯವಳಾದ ನನಗೆ ಹೇಳಿದರು:

"ಗಾಜು ಒಡೀತು ಅಂದ್ರೆ ಗೋಡೆ ಇನ್ನೂ ಜರುಗ್ತೈತೆ ಅಂತ ಲೆಕ್ಕ. ದಿನಾ ಏಣಿ ಹತ್ತಿ ನೋಡಿ ಬರ್ಕೊ ತಂಗಿ. ಕೆಳಗೆ ನಿಂತು ನೋಡಬ್ಯಾಡ."

ದಿನಚರಿ ಬರೆಯುವ ಅಭ್ಯಾಸ ನನಗೆ ಮೊದಲಿನಿಂದಲೂ ಇತ್ತು. ಹದಿನಾರು ದಿನ ಹತ್ತಿದೆ. ಗಾಜಿಗೊಂದರಂತೆ ದಿನಕ್ಕೆ ಮೂರು 'ಸರಿ' ಗುರುತು. ಹದಿನೇಳನೆಯ ದಿನ, ಚರ್ಚಿನ ಸಭೆಯ ಹಿರಿಯರ ಮಗಳ ಮದುವೆಯ ಚಪ್ಪರಕ್ಕೆಂದು ಏಣಿ ಒಯ್ದಿದ್ದರು. ಕೆಳಗಿನಿಂದಲೇ ನೋಡಿ ಮೂರು ಗುರುತು ಹಾಕಿಬಿಟ್ಟೆ…

ಮರುದಿನ ಮದುವೆ. ಚರ್ಚಿನ ಮೊದಲ ಗಂಟೆ ಬಾರಿಸಿ ಆಗಿತ್ತು. ಎರಡನೆಯದಕ್ಕೆ ಮದುಮಗಳು ಒಳಗೆ ಬರಬೇಕು. ಆಗ ಬಂದ ಮೇಸ್ತ್ರಿ ಚಪ್ಪರದಿಂದ ಏಣಿ ತಂದು ಹತ್ತಿ, ಅಲ್ಲಿಂದಲೇ, "ಮೇಲಿನದು ಸೀಳೈತೆ. ಇದರ ಕೆಳಗೆ ಯಾರೂ ನಿಲ್ಲಬ್ಯಾಡ್ರಿ" ಎಂದರು.

"ಮದ್ವೆ ದಿನಾನೇ ಸೀಳಬೇಕಿತ್ತೇನಯ್ಯ ನಿನ್ನ ಗಾಜು?" ಹಿರಿಯರು ಬೆಂಚಿನ ಮೇಲಿದ್ದ ನನ್ನ ಗುರುತಿನ ಪುಸ್ತಕ ಎತ್ತಿ ತೋರಿಸಿದರು. "ನಿನ್ನೆ ಸರಿ ಐತೆ ಅಂತ ಬರೆದೈತೆ ಇಲ್ಲಿ. ಈಗ ನೀನೇ ಏಣಿ ತಾಗಿಸಿ ಒಡೆದೀಯ."

ಮೇಸ್ತ್ರಿ ನನ್ನತ್ತ ನೋಡಿದರು. ಗಂಟೆಯ ಹಗ್ಗಕ್ಕೆ ಆಗಲೇ ಯಾರೋ ಕೈ ಹಾಕಿದ್ದರು.

"ನಿನ್ನೆ ನಾನು ಏಣಿ ಹತ್ತಿರಲಿಲ್ಲ," ಎಂದೆ. "ನೋಡದೆ ಬರೆದೆ."

ಹಗ್ಗ ಹಿಡಿದಿದ್ದ ಕೈ ನಿಂತಿತು. ಮೇಸ್ತ್ರಿ ಕೆಳಗಿಳಿದರು. "ಮದ್ವೆ ನಿಲ್ಲಿಸ್ರಿ ಅನ್ನಲ್ಲ ಸ್ವಾಮಿ. ಬೇವಿನ ಮರದ ಕೆಳಗೆ ಮಾಡ್ರಿ. ತಾಳಿ ಕಟ್ಟಾಕೆ ಕಮಾನು ಯಾಕ್ ಬೇಕ್ರಿ?"

ಯಾರೋ ನಕ್ಕರು. ಬೆಂಚುಗಳನ್ನು ಹೊರಗೆ ಸಾಗಿಸುತ್ತಿದ್ದಾಗ, ಮದುಮಕ್ಕಳು ನಿಲ್ಲಬೇಕಿದ್ದ ಕೆಂಪು ಹಾಸಿನ ಮೇಲೆ ಕಮಾನಿನ ಇಟ್ಟಿಗೆಯೊಂದು ಬಿತ್ತು. ಒಂದೇ ಒಂದು. ಹಿರಿಯರು ಅದನ್ನು ನೋಡಿ, ತಾವೇ ಒಂದು ಬೆಂಚಿನ ತುದಿ ಹಿಡಿದರು…

ಆಮೇಲೆ ಐದು ವಾರ, ಬೆಲ್ಲದ ನೀರಿನ ವಾಸನೆಯಲ್ಲಿ, ಮೇಸ್ತ್ರಿ ಕಮಾನನ್ನು ಮತ್ತೆ ಕೂಡಿಸಿದರು. ಹೋಗುವ ದಿನ ಮತ್ತೆ ಮೂರು ಹೊಸ ಗಾಜು ಅಂಟಿಸಿ, ನೋಡಿ ಬರೆಯುವ ಕೆಲಸವನ್ನು ನನಗೇ ಕೊಟ್ಟರು.

ಹೋದ ವರ್ಷ ಅವರು ತೀರಿಕೊಂಡರು. ಸುದ್ದಿ ನಮಗೆ ತಲುಪುವಷ್ಟರಲ್ಲಿ ಮಣ್ಣಾಗಿ ಮೂರು ದಿನ ಕಳೆದಿತ್ತು. ಪ್ರತಿ ತಿಂಗಳ ಮೊದಲ ಭಾನುವಾರ ನಾನು ಈಗಲೂ ಏಣಿ ಹತ್ತುತ್ತೇನೆ. ಗಾಜು ಒಡೆದಿಲ್ಲ. ಮೇಲಿನ ಮೂರನೆಯದರ ಅಂಚಿನ ಗಾರೆಯಲ್ಲಿ ಅವರು ಒತ್ತಿದ ಹೆಬ್ಬೆರಳಿನ ಗುರುತು ಹಾಗೇ ಇದೆ. ಕೆಳಗೆ ನಿಂತು ನೋಡಿದರೆ ಅದು ಕಾಣುವುದಿಲ್ಲ.