ಒಂದೇ ಪಂಕ್ತಿಯ ಮಾತ್ರೆ

ಚಿಕ್ಕಪ್ಪ ಎಷ್ಟು ಹೊತ್ತು ಮಲಗಿದ, ಎಷ್ಟು ಸಲ ಬೆಚ್ಚಿಬಿದ್ದ, ಮಾತ್ರೆ ತಿಂದ ಮೇಲೆ ಏನಂದ ಎಂದು ದಿನವೂ ನೋಟ್‌ಬುಕ್ಕಿನಲ್ಲಿ ಬರೆದಿಡುವ ಕೆಲಸ ನನ್ನ ಪಾಲಿಗೆ ಬಂದದ್ದು ಯೋಗ್ಯತೆಯಿಂದಲ್ಲ. ಬಿ.ಎ. ಎರಡನೇ ವರ್ಷದ ಇತಿಹಾಸದಲ್ಲಿ ಡುಮ್ಕಿ ಹೊಡೆದು ಚಿನಕುರಳಿಯ ಮನೆಯಲ್ಲಿ ಕೂತಿದ್ದೆ. ಅಕ್ಷರ ದುಂಡಗಿತ್ತು, ಅಷ್ಟೇ. ನನಗಿದ್ದ ದೊಡ್ಡ ರೋಗ ನಗು. ಸಾವಿನ ಮನೆಯಲ್ಲೂ ತಡೆಯಲಾಗದೆ ದಾವಣಿಯ ಸೆರಗನ್ನು ಬಾಯಿಗೆ ತುರುಕಿಕೊಂಡು ಹಿತ್ತಿಲಿಗೆ ಓಡಿದವಳು ನಾನು. ಇಂಥವಳನ್ನು ಒಬ್ಬ ರೋಗಿಯ ಜೊತೆ ಕಳಿಸುವುದು ಬೇಡ ಎಂದು ಅಪ್ಪ ಎಷ್ಟೋ ಹೇಳಿದರು. ಚಿಕ್ಕಪ್ಪನೇ ಹಟ ಹಿಡಿದ. "ಅವಳೇ ಬರ್ಲಿ ಬುಡಣ್ಣ. ಮಿಕ್ಕೋರೆಲ್ಲ ನನ್ ಮಕ ನೋಡಿದ್ರೆ ಅಳೋಂಗಾಯ್ತಾರೆ."

ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಚಿಕ್ಕಪ್ಪ ಶಾಂತಿಪಡೆಯಲ್ಲಿ ಹೋಗಿದ್ದ ಲಂಕೆಯ ಕಾಡಿನಿಂದ ಬಂದು, ಸೈನ್ಯ ಬಿಟ್ಟು ಎರಡು ವರ್ಷವಾಗಿತ್ತು. "ಲಂಕೆಗೆ ಹೋಗಿದ್ದೋನು ಬಾಲ ಎಲ್ಲಿ ಬುಟ್ಬಂದ್ಲಾ?" ಎಂದು ಅರಳಿಕಟ್ಟೆಯವರು ರೇಗಿಸಿದರೆ, "ಕಸ್ಟಮ್ಸ್‌ನೋರು ಕಿತ್ಕೊಂಡ್ರು ಕಣ್ಲಾ" ಅನ್ನುವಷ್ಟು ಗಟ್ಟಿಗ. ಆದರೆ ಮಧ್ಯಾಹ್ನ ಊರಾಚೆಯ ಕಲ್ಲು ಕ್ವಾರಿಯಲ್ಲಿ ಮದ್ದು ಸಿಡಿದರೆ ಇದ್ದಲ್ಲೇ ಬೋರಲು ಬೀಳುತ್ತಿದ್ದ. ಒಂದು ಸಲ ಒಣಗಲು ಹರಡಿದ್ದ ಹುರುಳಿಯ ಮೇಲೆ ಬಿದ್ದು, ಮುಖದ ತುಂಬ ಕಾಳು ಅಂಟಿಸಿಕೊಂಡು ಎದ್ದ. ನಾನು ನಕ್ಕೆ. ಅವನೂ ನಕ್ಕ, ಗಲ್ಲದಿಂದ ಒಂದೊಂದೇ ಕಾಳು ಕಿತ್ತು ಮೊರಕ್ಕೆ ಹಾಕುತ್ತ.

ನನಗೂ ನಗು ಬಾರದ ಸಂಗತಿ ಒಂದಿತ್ತು. ಚಿಕ್ಕಪ್ಪ ಯಾರ ಎದುರಿಗೂ ನೀರು ಕುಡಿಯುತ್ತಿರಲಿಲ್ಲ. ಸೈನ್ಯದಿಂದ ಬಂದ ದಿನ ಚಿಕ್ಕಮ್ಮ ಬಾಗಿಲಲ್ಲಿ ಚೊಂಬು ನೀರು ಹಿಡಿದು ನಿಂತರೆ, ಅದನ್ನು ಈಸಿಕೊಂಡು ಕೆಳಗಿಟ್ಟುಬಿಟ್ಟ. ಊಟದಲ್ಲೂ ಅಷ್ಟೇ, ಒಣಗಂಟಲಲ್ಲಿ ಮುದ್ದೆ ನುಂಗಿ, ಆಮೇಲೆ ಲೋಟ ಹಿಡಿದು ಹುಲ್ಲಿನ ಮೆದೆಯ ಹಿಂದೆ ಹೋಗುತ್ತಿದ್ದ. ಕೇಳಿದರೆ ಮಾತನ್ನು ಎಮ್ಮೆಯ ಕಡೆಗೆ ತಿರುಗಿಸುತ್ತಿದ್ದ. ನಮ್ಮ ಕಡೆ ಒಬ್ಬರ ಕೈಯ ನೀರನ್ನು ಮುಟ್ಟದಿದ್ದರೆ ಅದಕ್ಕಿಂತ ದೊಡ್ಡ ಅವಮಾನವಿಲ್ಲ. ಚಿಕ್ಕಮ್ಮ ಒಂದು ವರ್ಷ ಸಹಿಸಿದಳು. ಆಮೇಲೆ ಟ್ರಂಕು ತುಂಬಿಕೊಂಡು ನಾಗಮಂಗಲದ ತವರಿಗೆ ಹೊರಟಳು. "ನನ್ ಕೈ ನೀರು ಬ್ಯಾಡ್ದಿದ್ರೆ ಬ್ಯಾಡ. ಯಾಕೆ ಅಂತ ಬಾಯ್ಬುಟ್ಟು ಯೋಳ್ಲಿ. ಯೋಳಿದ ದಿನ ಬತ್ತೀನಿ" ಎಂದು ಬಸ್ಸಿನ ಮೆಟ್ಟಿಲ ಮೇಲೆ ನಿಂತು ಹೇಳಿ ಹೋದಳು. ಚಿಕ್ಕಪ್ಪ ಹೇಳಲಿಲ್ಲ. ಆ ಒಂದು ಮಾತು ಅವನ ಬಾಯಿಂದ ಹೊರಡಲಿ ಎಂದೇ ನಾವು ಅವನನ್ನು ಶ್ರೀರಂಗಪಟ್ಟಣಕ್ಕೆ ಕಳಿಸತೊಡಗಿದ್ದು.

ಅಲ್ಲಿ ಕೋಟೆಯೊಳಗಿನ ಒಂದು ಬಾಡಿಗೆ ಮನೆಗೆ ಗುರುವಾರ ಗುರುವಾರ ದೊಡ್ಡಾಸ್ಪತ್ರೆಯ ಡಾಕ್ಟರೊಬ್ಬರು ಬರುತ್ತಿದ್ದರು. ಸಣ್ಣ ಆಳು, ದೊಡ್ಡ ಕನ್ನಡಕ, ಮೂಗಿನ ತುದಿಯಲ್ಲೇ ಕೋಪ ಇದ್ದ ಹೆಂಗಸು. ಯುದ್ಧ ಮುಗಿದರೂ ಮನಸ್ಸು ಅಲ್ಲೇ ಸಿಕ್ಕಿಕೊಂಡಿರುವ ಮಾಜಿ ಸೈನಿಕರಿಗೆ ದಿನಕ್ಕೊಂದು ಮಾತ್ರೆ ಕೊಟ್ಟು, ವಾರಕ್ಕೊಮ್ಮೆ ಕೂರಿಸಿ ಮಾತಾಡಿಸಿದರೆ ಗುಣವಾಗುತ್ತದೆಯೇ ಎಂದು ಅವರು ಪರೀಕ್ಷೆ ಮಾಡುತ್ತಿದ್ದರು. ಅರ್ಧ ಜನಕ್ಕೆ ನಿಜವಾದ ಮಾತ್ರೆ, ಅರ್ಧ ಜನಕ್ಕೆ ಔಷಧಿಯೇ ಇಲ್ಲದ ಸುಳ್ಳು ಮಾತ್ರೆ. ಯಾರಿಗೆ ಯಾವುದು ಎಂದು ತಿಂದವರಿಗೂ ಗೊತ್ತಿಲ್ಲ, ಕೊಟ್ಟ ಡಾಕ್ಟರಿಗೂ ಗೊತ್ತಿಲ್ಲ. ಸೀಸೆಯ ಮೇಲೆ ನಂಬರು ಮಾತ್ರ. ಇದನ್ನೆಲ್ಲ ಅವರು ಮೊದಲ ದಿನವೇ ಬಿಡಿಸಿ ಹೇಳಿ ಸಹಿ ಹಾಕಿಸಿಕೊಂಡಿದ್ದರು.

ಅವರ ಪ್ರಶ್ನೆಪತ್ರಿಕೆಯ ಕನ್ನಡವೋ, ದೇವರೇ! "ತಮಗೆ ಭವಿಷ್ಯವು ಮೊಟಕುಗೊಂಡಿದೆ ಎಂಬ ಭಾವನೆ ಉಂಟಾಗುತ್ತಿದೆಯೇ?" ಎಂದು ನಾನು ಓದಿದರೆ, "ಮೊಟಕು ಅಂದ್ರೆ ಎಷ್ಟಮ್ಮಿ? ಮೊಳದ ಲೆಕ್ಕದಲ್ಲಿ ಯೋಳು" ಅನ್ನುತ್ತಿದ್ದ ಚಿಕ್ಕಪ್ಪ. "ಆಪ್ತರಲ್ಲಿ ವಿರಕ್ತಿ ಉಂಟಾಗಿದೆಯೇ?" ಅಂದರೆ, "ಎಮ್ಮೆ ಆಪ್ತರ ಲೆಕ್ಕಕ್ಕೆ ಬತ್ತದಾ? ಬತ್ತದೆ ಅಂದ್ರೆ ಇಲ್ಲ ಅಂತ ಬರ್ಕೊ." ನಾನು ನಕ್ಕು ನಕ್ಕು ಪೆನ್ನು ಬೀಳಿಸಿದಾಗ ಡಾಕ್ಟರು ಕನ್ನಡಕದ ಮೇಲಿಂದ ನೋಡುತ್ತಿದ್ದರು. ಚಿಕ್ಕಪ್ಪ ಅವರೆದುರು ಮಾತಿಗೇನೂ ಕೊರತೆ ಮಾಡುತ್ತಿರಲಿಲ್ಲ. ಲಂಕೆಯ ತೆಂಗಿನಕಾಯಿ, ಅಲ್ಲಿನ ಸೊಳ್ಳೆ, ಪಂಜಾಬಿ ಅಡುಗೆಯವನ ರೊಟ್ಟಿ, ಎಲ್ಲವನ್ನೂ ಬಣ್ಣಿಸುತ್ತಿದ್ದ. ನೀರಿನ ವಿಷಯ ಬಂದರೆ ಕಿಟಕಿಯ ಹೊರಗೆ ನೋಡುತ್ತಿದ್ದ.

ಇದೇ ಪರೀಕ್ಷೆಗೆ ಹೊಸಹೊಳಲಿನಿಂದ ಇನ್ನೊಬ್ಬರು ಬರುತ್ತಿದ್ದರು. ಸೈನ್ಯದಲ್ಲಿ ಲಾರಿ ಓಡಿಸಿದವರು, ಅವರೂ ಲಂಕೆ ಕಂಡವರೇ. ನಾನು ಮಾವ ಎನ್ನುತ್ತಿದ್ದೆ. ಚಿಕ್ಕಪ್ಪನಿಗೂ ಅವರಿಗೂ ಗುರುತಾದದ್ದು ಜಗಳದಿಂದ. ಕೆ.ಆರ್. ಪೇಟೆಯಿಂದ ಬರುವ ಬಸ್ಸನ್ನು ನಾವು ಚಿನಕುರಳಿಯಲ್ಲಿ ಹತ್ತಿದರೆ ಹಿಂದಿನ ಸೀಟಿನ ಮೂಲೆಯಲ್ಲಿ ಅವರು ಕೂತಿದ್ದರು. ಬೆನ್ನಿಗೆ ಗೋಡೆ ಇರಬೇಕು, ಎಲ್ಲರೂ ಕಣ್ಣೆದುರಿಗಿರಬೇಕು. ಅದು ಚಿಕ್ಕಪ್ಪನ ಜಾಗ. "ಏಳ್ಲಾ ಮೇಲಕ್ಕೆ." "ನೀನ್ಯಾವನ್ಲಾ ಏಳ್ಸೋಕೆ?" ಪಾಂಡವಪುರದ ತನಕ ಹೀಗೇ ನಡೆಯಿತು. ಅಲ್ಲಿ ಬಸ್ಸಿನ ಟೈರು ಢಮ್ಮೆಂದು ಸಿಡಿದದ್ದೇ ತಡ, ಇಬ್ಬರೂ ಒಟ್ಟಿಗೇ ಸೀಟಿನಡಿ ನುಗ್ಗಿ ತಲೆಗೆ ತಲೆ ಗುದ್ದಿಕೊಂಡರು. ಕೆಳಗಿಂದಲೇ ಒಬ್ಬರನ್ನೊಬ್ಬರು ನೋಡಿದರು. "ಯಾವ್ ರೆಜಿಮೆಂಟ್ಲಾ ನೀನು?" ಎಂದ ಚಿಕ್ಕಪ್ಪ, ಬುರುಡೆ ಉಜ್ಜಿಕೊಳ್ಳುತ್ತ. ಅಂದಿನಿಂದ ಇಬ್ಬರೂ ಒಂದೇ ಮೂಲೆಯಲ್ಲಿ ಒತ್ತಿಕೊಂಡು ಕೂರುತ್ತಿದ್ದರು. ಮುಂದಿನ ಸೀಟಿನಲ್ಲಿ ಕೂತು ಅವರ ಮಾತು ಕೇಳಿ ನಕ್ಕೂ ನಕ್ಕೂ ನನ್ನ ಪಕ್ಕೆ ಹಿಡಿದುಕೊಳ್ಳುತ್ತಿತ್ತು. ಅಷ್ಟು ಖುಷಿಯ ಗುರುವಾರಗಳನ್ನು ನಾನು ಮತ್ತೆ ಕಂಡಿಲ್ಲ.

ಎಡವಟ್ಟಾದದ್ದು ಎರಡನೇ ಗುರುವಾರ. ಮಾತು ಮುಗಿಸಿ, ಹೊಸ ಸೀಸೆ ಈಸಿಕೊಂಡು, ಮೂವರೂ ಹೊಳೆಯ ಸೋಪಾನದ ಮೇಲೆ ಕೂತು ರೊಟ್ಟಿ, ಹುಚ್ಚೆಳ್ಳು ಚಟ್ನಿ ಬಿಚ್ಚಿದೆವು. ಚಿಕ್ಕಪ್ಪನಿಗೆ ಮಾತ್ರೆ ನುಂಗಲು ಬಾರದು, ಅಗಿಯುತ್ತಿದ್ದ. "ಏನ್ ಕಹಿಯಪ್ಪಾ ಇದು" ಎಂದ. ಮಾವ ತಮ್ಮದನ್ನೊಂದು ಅಗಿದು ನೋಡಿ, "ನಂದು ಸಪ್ಪೆ ಕಣ್ಲಾ, ಸುಣ್ಣ ತಿಂದಂಗೈತೆ" ಅಂದರು. ಇಬ್ಬರೂ ಸೀಸೆ ಅದಲುಬದಲು ಮಾಡಿ ನಂಬರು ನೋಡಿದರು.

"ಅಂಗಾದ್ರೆ ನಂದು ನಿಜ, ನಿಂದು ಸುಳ್ಳು" ಎಂದ ಚಿಕ್ಕಪ್ಪ.

"ಇರ್ಲಿ ಬುಡ್ಲಾ. ಯಾರ್ಗಾದ್ರೂ ಒಬ್ರಿಗೆ ವಾಸಿಯಾಗ್ಲಿ."

"ಇರ್ಲಿ ಬುಡು ಅಂದ್ರೆ? ನೀನು ಪಕ್ಕದಲ್ಲಿ ಕೂತು ಸುಣ್ಣ ತಿನ್ಬೇಕು, ನಾನು ಔಸ್ದಿ ತಿನ್ಬೇಕಾ? ಒಂದೇ ಪಂತೀಲಿ ಕೂರ್ಸಿ ಒಬ್ಬನಿಗೆ ಪಾಯ್ಸ, ಒಬ್ಬನಿಗೆ ಗಂಜಿ ಇಕ್ತಾರಾ?" ಚಿಕ್ಕಪ್ಪನ ಮುಖ ಕೆಂಪಗಾಗಿತ್ತು. ನಮ್ಮಲ್ಲಿ ಪಂಕ್ತಿಭೇದ ಮಾಡಿದ ಮನೆಯಲ್ಲಿ ಯಾರೂ ಎರಡನೇ ಸಲ ಎಲೆ ಹಾಕುವುದಿಲ್ಲ. ನನಗೂ ಅವನ ಮಾತು ನೂರಕ್ಕೆ ನೂರು ಸರಿ ಅನ್ನಿಸಿತು. ರೊಟ್ಟಿಯ ಡಬ್ಬಿ ಖಾಲಿ ಮಾಡಿ ಒರೆಸಿ ಎರಡೂ ಸೀಸೆಯನ್ನು ಅದಕ್ಕೆ ಸುರಿದವಳು ನಾನೇ. ಮುಚ್ಚಳ ಹಾಕಿ ಗಲಗಲ ಕುಲುಕಿ, ನಿನಗೊಂದು ನಿನಗೊಂದು ಎಂದು ಹಂಚಿದವಳೂ ನಾನೇ. ಪ್ರತಿ ಗುರುವಾರ ಹೀಗೇ ಹಂಚಿದೆವು. ಪರೀಕ್ಷೆಯ ಬುಡಕ್ಕೇ ಕೊಡಲಿ ಹಾಕುತ್ತಿದ್ದೇವೆ ಎಂದು ಮೂರು ತಲೆಯಲ್ಲಿ ಒಂದಕ್ಕೂ ಹೊಳೆಯಲಿಲ್ಲ.

ಸಿಕ್ಕಿಬಿದ್ದದ್ದು ನನ್ನ ದುಂಡು ಅಕ್ಷರದಿಂದ. "ಸೋಮವಾರ ಕಹಿ. ಮಂಗಳವಾರ ಸಪ್ಪೆ. ಬುಧವಾರ ಕಹಿ" ಎಂದು ಚಾಚೂ ತಪ್ಪದೆ ಬರೆದಿದ್ದೆ. ಆರನೇ ಗುರುವಾರ ಮೊದಲ ಸಲ ನೋಟ್‌ಬುಕ್ಕನ್ನು ಕೈಗೆತ್ತಿಕೊಂಡ ಡಾಕ್ಟರು ಪುಟ ತಿರುವುತ್ತ ಗಕ್ಕನೆ ನಿಂತರು. ಮಾವನನ್ನೂ ಒಳಗೆ ಕರೆದರು. ವಿಷಯ ಹೊರಬಿತ್ತು.

"ನನ್ನ ಅಷ್ಟೂ ವಾರದ ಕೆಲಸ ಹೊಳೆಗೆ ಹಾಕಿದಿರಲ್ಲ!" ಎಂದು ಕೂಗಿದರು. "ಕಹಿ ಇದ್ದದ್ದೇ ನಿಜ ಅಂತ ಯಾರು ಹೇಳಿದರು ನಿಮಗೆ? ಯಾವುದು ಯಾವುದು ಅಂತ ನನಗೇ ಗೊತ್ತಿಲ್ಲ!" ಪೆನ್ನು ಎಸೆದರು. ಅದು ಮೇಜಿನ ಮೇಲೆ ಪುಟಿದು ಮಾವನ ಜೇಬಿಗೆ ಸರಿಯಾಗಿ ಹೋಗಿ ಕೂತಿತು. ನಾನು ನಕ್ಕುಬಿಟ್ಟೆ. ಬಾಯಿಗೆ ಎರಡೂ ಕೈ ಒತ್ತಿದರೂ ನಿಲ್ಲಲಿಲ್ಲ. ನಾಚಿಕೆಯಿಂದ ಸತ್ತೇಹೋಗಬೇಕು ಅನ್ನಿಸುತ್ತಿತ್ತು, ನಗುತ್ತಲೇ ಇದ್ದೆ.

"ಪಂಕ್ತಿಭೇದ ಆಯ್ತದಲ್ಲ ಡಾಕ್ಟ್ರಮ್ಮ" ಎಂದ ಚಿಕ್ಕಪ್ಪ ಮೆಲ್ಲಗೆ.

"ಇದು ಊಟ ಅಲ್ಲ. ಪರೀಕ್ಷೆ. ಇದಕ್ಕೆ ರೂಲು ಇದೆ!"

"ರೂಲು" ಎಂದ ಚಿಕ್ಕಪ್ಪ. ಅವನ ದನಿ ಬದಲಾಗಿತ್ತು. ನನ್ನ ನಗು ತಾನಾಗಿ ನಿಂತಿತು. ಅವನು ಕಿಟಕಿಯ ಕಡೆ ನೋಡಲಿಲ್ಲ, ಮೇಜಿನ ಮೇಲಿದ್ದ ನೀರಿನ ಲೋಟವನ್ನು ನೋಡುತ್ತಿದ್ದ.

"ಅಲ್ಲೂ ರೂಲಿತ್ತು. ಮುರಿದ ಗೋಡೆ ಇಂದೆ ನಾವಿಬ್ರೇ, ಒಂದು ಹಗಲೆಲ್ಲ. ಧಾರವಾಡದ ಕಡೆ ಹುಡ್ಗ. ಹೊಟ್ಟೆಗೆ ಗುಂಡು ಬಿದ್ದಿತ್ತು. ಹೊಟ್ಟೆಗೆ ಏಟಾದೋರಿಗೆ ನೀರು ಕೊಡಬಾರ್ದು ಅಂತ ರೂಲು. ನೀರು ನೀರು ಅಂದ. ಕೊಡ್ಲಿಲ್ಲ. ರೂಲು ಪ್ರಕಾರ ಕೊಡ್ಲಿಲ್ಲ, ಅದ್ರಲ್ಲಿ ತಪ್ಪಿಲ್ಲ. ಇರೋದೊಂದೇ ಬಾಟ್ಲಿ. ಬಿಸ್ಲು. ನಂಗೂ ತಡೀನಾರ್ದೆ ಹೋಯ್ತು. ಅವನು ನೋಡ್ತಿದ್ದಂಗೇ ನಾನು ಕುಡ್ದೆ ಡಾಕ್ಟ್ರಮ್ಮ. ನನ್ ಗಂಟ್ಲು ಅಲ್ಲಾಡೋದ ನೋಡ್ತಿದ್ದ ಅವನು, ಪ್ರಾಣ ಹೋಗೋಗಂಟ. ಅದುಕ್ಕೆ ಯಾವ ರೂಲೂ ಇರ್ಲಿಲ್ಲ." ಲೋಟವನ್ನು ಅತ್ತ ಸರಿಸಿ, "ಈಗ ಯಾರ್ ಮುಂದೆ ಲೋಟ ಎತ್ತಿದ್ರೂ ಅವನು ನೋಡ್ತಾನೆ" ಎಂದ.

ಡಾಕ್ಟರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಒರೆಸಿದರು. ಮಾವ ಚಿಕ್ಕಪ್ಪನ ಭುಜದ ಮೇಲೆ ಕೈಯಿಟ್ಟು, "ಲೇ, ನಾನಾಗಿದ್ರೂ ಕುಡೀತಿದ್ದೆ ಕಣ್ಲಾ" ಅಂದರು. ಅಷ್ಟು ಅಂದದ್ದಕ್ಕೆ ಚಿಕ್ಕಪ್ಪ ಮಗುವಿನ ಹಾಗೆ ಅತ್ತ. ನಾನೂ ಅತ್ತೆ.

ಡಾಕ್ಟರು ಇಬ್ಬರ ಹೆಸರನ್ನೂ ಪರೀಕ್ಷೆಯಿಂದ ಹೊಡೆದು ಹಾಕಿದರು. ಸೀಸೆಗಳನ್ನು ಕಿತ್ತುಕೊಂಡರು. ಬಾಗಿಲ ತನಕ ಬಂದು, "ಮಾತ್ರೆ ಇಲ್ಲ. ಆದರೆ ಗುರುವಾರ ಬರುವುದು ತಪ್ಪಿಸಬೇಡಿ, ಮಾತಾಡಬೇಕು" ಎಂದರು. ಆಮೇಲೆ ಮಾವನ ಜೇಬಿನಿಂದ ಪೆನ್ನು ತೆಗೆದುಕೊಂಡರು. ಚಿಕ್ಕಪ್ಪನ ಬಾಯಿ ಬಿಡಿಸಿದ್ದು ಕಹಿಯೋ ಸಪ್ಪೆಯೋ, ಹಿಂದಿನ ಸೀಟಿನ ಮೂಲೆಯೋ, ಡಾಕ್ಟರ ಸಿಟ್ಟೋ, ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಗೊತ್ತಾಗದ ಹಾಗೆ ಕುಲುಕಿದವಳು ನಾನು.

ಮಾರನೆಯ ದಿನವೇ ಚಿಕ್ಕಪ್ಪ ಗರಿಗರಿ ಪಂಚೆ ಉಟ್ಟು, "ನಾಗಮಂಗಲಕ್ಕೆ ನಡಿ" ಎಂದ. "ನಾನ್ಯಾಕೆ?" ಅಂದರೆ, "ನಗೋರೊಬ್ರು ಬೇಕು" ಎಂದ. ದಾರಿಯುದ್ದಕ್ಕೂ ಹೇಳಬೇಕಾದ್ದನ್ನು ತುಟಿಯಲ್ಲೇ ಬಾಯಿಪಾಠ ಮಾಡುತ್ತಿದ್ದ, ಕಂಡಕ್ಟರು ಯಾವ ಊರಿಗೆ ಎಂದರೆ "ಧಾರವಾಡ" ಎಂದುಬಿಟ್ಟ.

ಚಿಕ್ಕಮ್ಮ ನಮ್ಮನ್ನು ನೋಡಿ ಹೊಸ್ತಿಲಲ್ಲೇ ನಿಂತಳು. ಬಂದವರಿಗೆ ನೀರು ಕೊಡದಿರಲು ಅವಳಿಂದ ಆಗದು. ಚೊಂಬು ನೀರು, ಒಂದು ಚೂರು ಬೆಲ್ಲ ತಂದು ಅವನ ಮುಖ ನೋಡದೆ ಜಗಲಿಯ ಮೇಲಿಟ್ಟಳು. ಚಿಕ್ಕಪ್ಪ ಕೂತ.

"ಎರಡು ಲೋಟ ತತ್ತಾ" ಎಂದ ನನಗೆ.

ತಂದುಕೊಟ್ಟೆ. ಚೊಂಬಿನಿಂದ ಒಂದಕ್ಕೆ ಸುರಿದ, ಇನ್ನೊಂದಕ್ಕೆ ಸುರಿದ, ಬಗ್ಗಿ ಒಂದು ಕಣ್ಣು ಮುಚ್ಚಿ ಎರಡರ ಮಟ್ಟ ನೋಡಿ, ಹನಿ ಅತ್ತಿಂದಿತ್ತ ಮಾಡಿದ.

"ಏನಮ್ಮಿ ಇವ್ರಿಗೆ, ಮಾತ್ರೆ ಜಾಸ್ತಿ ಆಯ್ತಾ?" ಎಂದಳು ಚಿಕ್ಕಮ್ಮ. ನಾನು ಕಂಬ ಹಿಡಿದುಕೊಂಡು ನಕ್ಕೆ.

"ನೀನೂ ಕುಡಿ, ನಾನೂ ಕುಡೀತೀನಿ" ಎಂದ ಚಿಕ್ಕಪ್ಪ ಅವಳಿಗೆ ಒಂದು ಲೋಟ ಕೊಡುತ್ತ. "ಆಮೇಲೆ ಯಾಕೆ ಅಂತ ಯೋಳ್ತೀನಿ."

ಅವಳು ಅವನ ಮುಖವನ್ನೇ ನೋಡುತ್ತ ಕುಡಿದಳು. ಅವನೂ ಕಣ್ಣು ಕೀಳದೆ ಗುಟುಕು ಗುಟುಕಾಗಿ ಕುಡಿದ, ಅರ್ಧ ಅಂಗಿಯ ಮೇಲೆ ಚೆಲ್ಲಿಕೊಂಡ. ಅವಳದು ಮೊದಲು ಖಾಲಿಯಾಯಿತು. ಲೋಟವನ್ನು ಅವನ ಮುಂದೆ ಚಾಚಿದಳು. ಕಣ್ಣು ತುಂಬಿತ್ತು, ದನಿ ಮಾತ್ರ ಜಗಳದ್ದು.

"ನಂದು ಒಸಿ ಕಮ್ಮಿ ಬಂತು" ಎಂದಳು.

ಚಿಕ್ಕಪ್ಪ ತನ್ನ ಲೋಟದಲ್ಲಿ ಉಳಿದಿದ್ದ ನೀರನ್ನು ಅವಳ ಲೋಟಕ್ಕೆ ಬಗ್ಗಿಸಿದ.