ಕತ್ತಿ ಗುರುತಿನ ಪಿಂಗಾಣಿ ತಾಟು

ಇಬ್ರಾಹಿಂಪುರದ ಲಾಡಲೇಸಾಬ ನಲವತ್ತು ವರ್ಷಗಳಿಂದ ಪಾತ್ರೆಗಳ ಮೇಲೆ ಹೆಸರು ಕೊರೆಯುತ್ತಿದ್ದಾನೆ. ಮದುವೆಯ ಕೊಡ, ಮುಯ್ಯಿಯ ತಾಟು, ಪಕ್ಕದ ಮನೆಗೆ ಪಲ್ಯ ಹೊತ್ತು ಹೋಗಿ ತಿರುಗಿ ಬರುವುದನ್ನೇ ಮರೆಯುವ ಬಟ್ಟಲು, ಎಲ್ಲಕ್ಕೂ ಅವನ ಚುಕ್ಕಿ ಅಕ್ಷರವೇ ಸಾಕ್ಷಿ. ಊರಿನ ಅರ್ಧ ಜಗಳ ತಪ್ಪಿಸಿದವನು ತಾನೇ ಎಂಬ ಹೆಮ್ಮೆ ಅವನದು. ಅದು ಪೂರ್ತಿ ಸುಳ್ಳೇನೂ ಅಲ್ಲ.

ಪಿಂಗಾಣಿಯನ್ನು ಮಾತ್ರ ಅವನು ಮುಟ್ಟುವುದಿಲ್ಲ. ಹರೆಯದಲ್ಲಿ ಅಥಣಿ ರಸ್ತೆಯ ಮನೆಯೊಂದರಿಂದ ಹಳೆಯ ಪಿಂಗಾಣಿ ತಾಟೊಂದು ಬಂದಿತ್ತು. ಬೆನ್ನಿಗೆ ಒಂದರ ಮೇಲೊಂದು ಅಡ್ಡ ಬಿದ್ದ ಎರಡು ನೀಲಿ ಕತ್ತಿ. ಇದು ಬೇರೆ ಯಾರದೋ ಮನೆತನದ ಗುರುತು, ನಾಳೆ ಇವರನ್ನು ಕಳ್ಳರೆಂದಾರು ಎಂದು ಮರುಗಿದ ಪುಣ್ಯಾತ್ಮ ಕತ್ತಿಗಳನ್ನು ಉಜ್ಜಿ ಉಜ್ಜಿ ಅಳಿಸಿ, ಅಲ್ಲಿ ಯಜಮಾನರ ಹೆಸರು ಕೊರೆದುಕೊಟ್ಟ. ಕೊಳ್ಳಲು ಬಂದ ಹಳೆ ಸಾಮಾನಿನ ವ್ಯಾಪಾರಿ ಹಣೆ ಚಚ್ಚಿಕೊಂಡ. ಆ ಕತ್ತಿ ಜರ್ಮನಿಯ ಮೈಸೆನ್ ಕಾರ್ಖಾನೆಯದು. ಅದಿದ್ದರೆ ತಾಟು, ಅಳಿದರೆ ಬರೀ ಬೋಕಿ. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು.

ಅಂದು ವ್ಯಾಪಾರಿ ಹೇಳಿದ ಕಥೆ ಅವನ ತಲೆಯಿಂದ ಇಳಿಯಲೇ ಇಲ್ಲ. ಮುನ್ನೂರು ವರ್ಷಗಳ ಹಿಂದೆ ಬಿಳಿ ಪಿಂಗಾಣಿಯ ಗುಟ್ಟು ಗೊತ್ತಿದ್ದದ್ದು ಚೀನಾದ ಕಡೆಯವರಿಗೆ. ಯುರೋಪಿನ ದೊರೆಗಳು ಅದಕ್ಕಾಗಿ ಬಾಯಿ ಬಾಯಿ ಬಿಡುತ್ತಿದ್ದರು. ಬಂಗಾರ ಮಾಡಬಲ್ಲೆ ಎಂದು ಜಂಬ ಕೊಚ್ಚಿದ ತರುಣನೊಬ್ಬನನ್ನು ಮೈಸೆನ್ ಕಡೆಯ ರಾಜ ಹಿಡಿದು ಕೂಡಿಹಾಕಿದ. ಬಂಗಾರ ಹುಟ್ಟಲಿಲ್ಲ. ಆ ತರುಣ ವರ್ಷಗಟ್ಟಲೆ ಭಟ್ಟಿಯ ಮುಂದೆ ಬೆಂದು, ಬಲ್ಲವರ ಜೊತೆ ಸೇರಿ, ಕೊನೆಗೆ ಮಣ್ಣಿನಿಂದ ಪಿಂಗಾಣಿ ಮಾಡಿದ. ರಾಜ ಕೋಟೆಯೊಳಗೇ ಕಾರ್ಖಾನೆ ಹೂಡಿದ. ಮುಂದೆ ತಾಟುಗಳ ಬೆನ್ನೇರಿದ್ದು ರಾಜಮನೆತನದ ಕತ್ತಿ.

ಮೊನ್ನೆ ತಿಕೋಟಾದ ಬಸ್ಸಿಳಿದು ಬಂದ ಎಪ್ಪತ್ತರ ಸಾವಂತ್ರವ್ವ ಅವನ ಮುಂದೆ ಟವೆಲ್ಲಿನ ಗಂಟು ಬಿಚ್ಚಿದಳು. ಒಳಗಿದ್ದ ಪಿಂಗಾಣಿ ತಾಟನ್ನು ಲಾಡಲೇಸಾಬ ಮಗುಚಿದ. ಅದೇ ನೀಲಿ ಕತ್ತಿ!

"ಇದಕ್ಕ ನಮ್ಮಪ್ಪನ ಹೆಸರು ಹಾಕ್ರಿ. ಅಂಬಾದಾಸ."

"ಯವ್ವಾ, ಕೈ ಮುಗೀತೇನಿ. ಕೊರದ್ರ ಇದರ ಕಿಮ್ಮತ್ತ ಹೋಗತೈತಿ. ಒಮ್ಮೆ ಹಿಂಗ ಕೆಡಿಸಿ ಕುಂತೇನಿ," ಎಂದು ಅವನು ರಾಜನಿಂದ ಹಿಡಿದು ಕತ್ತಿಯವರೆಗೆ ಇಡೀ ಕಥೆ ಒಪ್ಪಿಸಿದ.

ಸಾವಂತ್ರವ್ವ ಗದ್ದಕ್ಕೆ ಕೈ ಹಚ್ಚಿ ಕೇಳಿದಳು. "ಮಾಡಿದಾಂವನ ಕೂಡಿ ಹಾಕಿದ್ರು, ಗುರುತು ರಾಜಂದು ಹಾಕಿದ್ರು. ಅಲ್ಲೀನೂ ಹಿಂಗ ಐತಿ ಅನ್ರಿ ಹಂಗಾರ!"

ಲಾಡಲೇಸಾಬನಿಗೆ ನಗು ಬಂತು, ನಗುವ ಹಾಗಿರಲಿಲ್ಲ. ಅವಳು ಮುಂದುವರಿಸಿದಳು. "ನಮ್ಮಪ್ಪ ಬಿಳಿ ಸಾಹೇಬನ ಬಂಗಲೇದಾಗ ಏಳು ವರ್ಷ ಈ ತಾಟು ತೊಳದಾನ. ಸಾಹೇಬ ದೇಶಾ ಬಿಡೂ ಮುಂದ ಇದೊಂದು ಕೈಯಾಗ ಕೊಟ್ಟ. ಊರಿಗಿ ತಂದ್ರ, 'ಕೇರಿಯಾವ್ಗ ಇಂಥಾ ತಾಟ ಎಲ್ಲಿಂದ ಬರಬೇಕು, ಕದ್ದಾನ' ಅಂತ ಕಂಬಕ್ಕ ಕಟ್ಟಿ ಹೊಡದ್ರು. ಅಪ್ಪ ಸಾಯೂತನಕ ಇದನ್ನ ಪೆಟಗ್ಯಾಗ ಮುಚ್ಚಿಟ್ಟ. ಒಂದ ದಿನಾನೂ ಇದರಾಗ ಉಣ್ಣಲಿಲ್ಲ. ನಾ ಮಾರಾಕ ಬಂದಿಲ್ರಿ. ಅವನ ಹೆಸರು ಬೇಕು."

ಲಾಡಲೇಸಾಬನಿಗೆ ಕಿಮ್ಮತ್ತಿನ ಮಾತು ಆಡಿದ್ದಕ್ಕೆ ನಾಚಿಕೆಯಾಯಿತು.

"ಒಡದ್ರ?" ಎಂದ ಮೆಲ್ಲಗೆ.

"ಒಡದ್ರ ಒಡೀಲಿ."

"ಬೆನ್ನಿಗಿ ಹಾಕ್ಲಿ, ಕತ್ತಿ ಬಾಜೂಕ?"

"ಬ್ಯಾಡ್ರಿ. ಮುಂದ ಹಾಕ್ರಿ. ಉಣ್ಣಾಕ ಕುಂತಾವ್ರಿಗಿ ಕಾಣ್ಲಿ."

ಹೆಸರು ಕೊರೆಯುವ ಯಂತ್ರದ ನಡುಕಕ್ಕೆ ಪಿಂಗಾಣಿ ಸೀಳೀತೆಂದು ಅವನು ಯಂತ್ರವನ್ನು ಬದಿಗಿಟ್ಟು ವಜ್ರದ ಮೊನೆಯ ಹಳೆಯ ಕಡ್ಡಿ ಹುಡುಕಿ ತೆಗೆದ. ಬೆಳಿಗ್ಗೆ ಹಿಡಿದ ನಾಲ್ಕಕ್ಷರ ಮುಗಿದಾಗ ಮಧ್ಯಾಹ್ನದ ಬಾಂಗು ಕೇಳಿಸಿತು. ಒಂದೊಂದು ಚುಕ್ಕಿಗೂ ಉಸಿರು ಬಿಗಿಹಿಡಿದಿದ್ದ. ಎಲ್ಲಿಯೂ ಬಿರುಕು ಬಿಡಲಿಲ್ಲ.

ಸಾವಂತ್ರವ್ವನಿಗೆ ಓದು ಬಾರದು. ಅಕ್ಷರಗಳ ಮೇಲೆ ಬೆರಳಾಡಿಸಿ, "ಇದ ಏನ್ರಿ ನಮ್ಮಪ್ಪನ ಹೆಸರು?" ಎಂದಳು.

"ಇದ ನೋಡಬೇ."

ಅವಳು ಕಣ್ಣೊರೆಸಿಕೊಂಡು ಚೀಲದಿಂದ ಜೋಳದ ರೊಟ್ಟಿ ತೆಗೆದು ಆ ತಾಟಿಗೆ ಇಟ್ಟಳು, ಶೇಂಗಾ ಚಟ್ನಿ ಸುರಿದಳು. ತಾಟನ್ನು ಇಬ್ಬರ ನಡುವೆ ಸರಿಸಿದಳು.

"ಬರ್ರಿ," ಎಂದಳು. "ಅಂಬಾದಾಸನ ಮನಿ ಊಟ ಐತಿ."

ಲಾಡಲೇಸಾಬ ಕೈ ತೊಳೆದು ಬಂದು ಅವಳೆದುರು ಕುಳಿತ.